ಅಂಗೈ ಉರಿ

ಇವತ್ತು ಭಾನುವಾರ. ಎದ್ದ ತಕ್ಷಣ ಹಾಲು ಕಾಯಿಸಿದೆ. ಯಜಮಾನರ ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಿದೆ. ಉಳಿದಿದ್ದ ದೋಸೆಹಿಟ್ಟಿಗೆ ಈರುಳ್ಳಿ ಹೆಚ್ಚಿ ಹಾಕಿ ಇಬ್ಬರಿಗೂ ಎರಡೆರಡು ಹೊಯ್ದೆ. ಸಿಂಕಿನ ಕೆಳಗಿನ ಪೈಪು ಮತ್ತೆ ಸೋರುತ್ತಿತ್ತು. ಹಳೆ ಬಟ್ಟೆ ಸುತ್ತಿ, ಕೆಳಗೊಂದು ಬಕೆಟ್ಟು ಇಟ್ಟೆ. ಒಗೆದ ಬಟ್ಟೆಯನ್ನು ಮಹಡಿ ಮೇಲೆ ಹರವಿದೆ. ಪಾಂಡವಪುರದ ಬಸ್ ನಿಲ್ದಾಣದಲ್ಲಿ ಸೇವಂತಿಗೆ ಹೂ ಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಸಂತೆಬಾಚಹಳ್ಳಿಗೆ. ನಮ್ಮ ಶಾಲೆಯಲ್ಲಿ ನನ್ನ ಜೊತೆ ಬಹಳ ವರ್ಷ ಪಾಠ ಮಾಡಿದ, ನಾನು ಅಕ್ಕ ಎಂದೇ ಕರೆಯುತ್ತಿದ್ದ ಒಬ್ಬರ ತಿಥಿ ಇತ್ತು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರು ಯಾರನ್ನೂ ಬೈದವರಲ್ಲ. ನಾನು ಹೆಸರು ಹಿಡಿದು ಅವರನ್ನು ಹೊಗಳಿದರೆ ಅದು ಅವರಿಗೆ ಒಪ್ಪುವ ಮಾತಾಗುವುದಿಲ್ಲ.

ಗಣಿತದ ಟೀಚರು. ಎತ್ತರದ ಹೆಂಗಸು, ಅಗಲವಾದ ಪಾದ, ಕೆಸರು ದಾಟುವವರ ಹಾಗೆ ಸೀರೆ ಯಾವಾಗಲೂ ಒಂದಿಷ್ಟು ಮೇಲೆ. ಪಾಠ ಮಾಡುವಾಗ ಪುಸ್ತಕದ ಕನ್ನಡ. ಒಂದು ಹಕಾರವೂ ಬಿದ್ದುಹೋಗುತ್ತಿರಲಿಲ್ಲ. ಗಂಟೆ ಹೊಡೆದು ಹೊರಗೆ ಬಂದರೆ ನೇರ ಸಂತೆಬಾಚಹಳ್ಳಿಯ ಮಾತು. ಮಕ್ಕಳಿಗೆ ಅವರ ಭಯವಿತ್ತು, ಆದರೆ ಬಿದ್ದು ಮಂಡಿ ತರಚಿಕೊಂಡವರೆಲ್ಲ ಓಡಿಹೋಗುತ್ತಿದ್ದುದು ಅವರ ಹತ್ತಿರಕ್ಕೇ.

ಅವರಿಗೊಂದು ಅಭ್ಯಾಸ. ಏನಾದರೂ ಮನಸ್ಸಿಗೆ ಹತ್ತಿದಾಗ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಸ್ಟಾಫ್ ರೂಮಿನ ಕಿಟಕಿಯ ಪಕ್ಕ ಸುಣ್ಣ ಹೊಡೆದ ಗೋಡೆಯಲ್ಲಿ ಎರಡು ಕಡೆ ಬಣ್ಣ ಮಾಸಿತ್ತು. ಹೊಸದಾಗಿ ಬಂದ ನನಗೆ ಅದು ಯಾರದೋ ತಲೆ ಒರಗಿ ಆದ ಎಣ್ಣೆ ಕಲೆ ಅನ್ನಿಸಿತ್ತು.

“ಅಂಗೈ ಉರೀತದೆ ಕಣೆ,” ಎಂದರು ಒಮ್ಮೆ, ಕೇಳಿದ್ದಕ್ಕೆ. “ನಮ್ಮವ್ವಂಗೂ ಅಂಗೇ, ನಮ್ಮಜ್ಜಿಗೂ ಅಂಗೇ. ಯೋಚ್ನೆ ಬಂದ್ರೆ ನಮ್ ಮನೆ ಎಂಗುಸ್ರಿಗೆ ಕೈಗೇ ಬತ್ತದೆ. ನಿಂಗೆ ಎಲ್ಲಿಗೆ ಬತ್ತದೆ?”

“ಹೊಟ್ಟೆಗೆ,” ಎಂದೆ.

ನಾನು ನಾಗಮಂಗಲದ ಕಡೆಯವಳು. ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಅಪ್ಪ ಮತ್ತು ಚಿಕ್ಕಪ್ಪನಿಗೆ ಮಾತು ನಿಂತ ವರ್ಷ ಇಡೀ ಮನೆಗೆ ಹೊಟ್ಟೆನೋವು ಬಂದಿತ್ತು. ಅಮ್ಮ ದಿನಾ ಸಂಜೆ ಜೀರಿಗೆ ಕಷಾಯ ಕುದಿಸಿ ಎಲ್ಲರಿಗೂ ಒಂದೊಂದು ಲೋಟ ಕೊಡುತ್ತಿದ್ದಳು. ಇಬ್ಬರೂ ಎದುರುಬದುರು ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ ಕುಡಿಯುತ್ತಿದ್ದರು. ನಮ್ಮ ಮನೆಯ ಜಗಳಗಳಿಗೆಲ್ಲ ಜೀರಿಗೆಯ ವಾಸನೆ.

ಇದನ್ನು ಹೇಳಿದಾಗ ಅಕ್ಕ ಬಿದ್ದು ಬಿದ್ದು ನಕ್ಕರು. “ನೀವು ನುಂಗ್ತೀರಿ, ನಾವು ಉಗೀತೀವಿ. ನುಂಗಿದ್ದು ಇನ್ನೆಲ್ಲಿಗೋದದು? ಒಟ್ಟೆಗೇ ಓಗ್ಬೇಕು.”

ಅವರ ಮನೆಯಲ್ಲಿ ಉಗುಳುವುದಕ್ಕೆ ಒಂದು ಕ್ರಮವಿತ್ತು. ಈ ಕಡೆಯ ಹಳ್ಳಿಗಳಲ್ಲಿ ಅದನ್ನು ನೋಡಿದವರಿದ್ದಾರೆ. ಕೋಳಿ ಕಳುವಾಯಿತು, ಯಾರದೋ ದನ ಬಂದು ರಾತ್ರೋರಾತ್ರಿ ಪೈರು ಮೇಯ್ದು ಹೋಯಿತು ಎಂದಾಗ ಮನೆಯ ಹೆಂಗಸು ಬೀದಿಗೆ ಬಂದು, ಒಂದು ಹಿಡಿ ಮಣ್ಣು ಎತ್ತಿ, ಗಾಳಿಗೆ ತೂರಿ ಬೈಯುತ್ತಾಳೆ. ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದರೆ ಅದು ಜಗಳ, ಪಂಚಾಯಿತಿ ಸೇರಬೇಕಾಗುತ್ತದೆ. ಹೇಳದಿದ್ದರೆ ಬೀದಿಯವರು ಬಾಗಿಲಿನಲ್ಲಿ ನಿಂತು ಕೇಳಿ, “ಆಯ್ತು ಬುಡವ್ವ, ಒಳೀಕ್ ಓಗು” ಎನ್ನುತ್ತಾರೆ. ಅವಳು ಕೈ ಕೊಡವಿ ಒಳಗೆ ಹೋಗುತ್ತಾಳೆ.

“ಕೋಳಿ ಬಂತಾ ಅಕ್ಕ, ನಿಮ್ಮವ್ವನಿಗೆ?” ಎಂದು ಕೇಳಿದ್ದೆ.

“ಕೋಳಿ ಎಲ್ಬತ್ತದೆ? ಅದು ಆವತ್ತೇ ಯಾರ್ದೋ ಸಾರಾಗಿತ್ತು. ಆದ್ರೆ ನಮ್ಮವ್ವಂಗೆ ಆವತ್ತು ಊಟ ಸೇರ್ತು.”

ಒಮ್ಮೆ ಶ್ರೀರಂಗಪಟ್ಟಣದಲ್ಲಿ ಶಿಕ್ಷಕರಿಗೆಲ್ಲ ಒತ್ತಡ ನಿವಾರಣೆಯ ತರಬೇತಿ ನಡೆಯಿತು. ಮೆತ್ತಗಿನ ದನಿಯ ಒಬ್ಬ ಹುಡುಗ ಮೈಕು ಹಿಡಿದು ನಿಂತಿದ್ದ. ಕಿಟಕಿ ಮುಚ್ಚಿಸಿದ, ದೀಪ ಆರಿಸಿದ, ಎಲ್ಲಿಂದಲೋ ಕೊಳಲು ಹಾಕಿದ. “ಕಣ್ಣು ಮುಚ್ಚಿ. ನೀವೀಗ ಹರಿಯುವ ನೀರಿನ ದಡದಲ್ಲಿ ಕುಳಿತಿದ್ದೀರಿ. ನೀರು ಹರಿಯುತ್ತಿದೆ. ನಿಮ್ಮ ಮನಸ್ಸು ಶಾಂತವಾಗುತ್ತಿದೆ.”

ಗಂಜಾಂ ಕಡೆಯ ಉರ್ದು ಶಾಲೆಯ ಟೀಚರೊಬ್ಬರು ನನ್ನ ಎಡಕ್ಕಿದ್ದರು. ಎದೆ ಮೇಲೆ ಕೈಯಿಟ್ಟು, “ದಿಲ್ ಘಾಬ್ರಾ ಆಗ್ತದೆ ಅಕ್ಕಾ, ಲೈಟ್ ಹಾಕಕ್ಕೆ ಹೇಳಿ” ಎಂದು ಪಿಸುಗುಟ್ಟಿದರು. ನನ್ನ ಬಲಕ್ಕಿದ್ದ ಅಕ್ಕ ಕೈ ಎತ್ತಿಬಿಟ್ಟರು.

“ಸಾರ್, ಅದು ಯಾವ ನಾಲೆ?”

ಹುಡುಗ ಗೊಂದಲಗೊಂಡ. “ಯಾವುದಾದರೂ ಆಗಬಹುದು ಮೇಡಂ. ನಿಮಗೆ ಇಷ್ಟವಾದ ನೀರು.”

“ಇಷ್ಟದ್ದೆಲ್ಲಿ ಬಂತು? ನಮ್ದು ಕಟ್ಟು ಪದ್ಧತಿ. ಒಂದಷ್ಟು ದಿನ ಬುಡ್ತಾರೆ, ಒಂದಷ್ಟು ದಿನ ನಿಲ್ಲುಸ್ತಾರೆ. ನೀರು ಅರೀತದೆ ಅಂದ್ರಲ್ಲ, ಅರೀತಿದ್ರೆ ನಾನು ಇಲ್ಯಾಕ್ ಕುಂತಿದ್ದೀನಿ? ಮೇಲ್ಗಡೆ ಗದ್ದೆಯೋರು ಯಾರೋ ತೂಬು ತಿರುಗುಸ್ಕಂಡಿರ್ತಾರೆ.”

ಕತ್ತಲಲ್ಲಿ ಒಬ್ಬೊಬ್ಬರೇ ಕಣ್ಣು ಬಿಟ್ಟರು. ಹಿಂದಿನ ಸಾಲಿನ ಒಬ್ಬ ಮೇಷ್ಟ್ರು ಎದ್ದು ಹೊರಗೆ ಹೋಗಿ ಮನೆಗೆ ಫೋನು ಮಾಡಿ, “ನೀರು ಬುಟ್ಟವ್ರಾ ನೋಡ್ಲಾ” ಎನ್ನುವುದು ಎಲ್ಲರಿಗೂ ಕೇಳಿಸಿತು. ನೀರನ್ನು ನೆನೆದು ಸಮಾಧಾನ ಮಾಡಿಕೊಳ್ಳುವ ಜನ ಎಲ್ಲಾದರೂ ಇರಬಹುದು. ನಾಲೆಯ ಕೆಳಗಿನವರಿಗೆ ಅದನ್ನು ಹೇಳಿಕೊಡುವುದು ಕಷ್ಟ. ಪಾಪ, ಆ ಹುಡುಗ ದೀಪ ಹಾಕಿ ಎಲ್ಲರಿಗೂ ಟೀ ಕೊಡಿಸಿದ.

ನಕ್ಕು ಬಿಡಬಹುದಾದ ಸಂಗತಿಗಳು ಇಷ್ಟು. ಮುಂದಿನದು ಅಂಥದ್ದಲ್ಲ.

ಅಕ್ಕನ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಆಗ ಅವರು ಪಾಂಡವಪುರದಲ್ಲಿ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು. ಬೆಳಿಗ್ಗೆ ಯಜಮಾನರಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಬೀದಿಯ ಒಬ್ಬ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿ ಶಾಲೆಗೆ ಹೊರಡುತ್ತಿದ್ದರು. ಎದ್ದು ನಡೆಯುತ್ತಾರೆ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಮೈಸೂರಿನ ಡಾಕ್ಟರು ಒಂದು ಸಂಜೆ, ಇನ್ನು ಇಷ್ಟೇ, ನಡೆಯುವುದಿಲ್ಲ ಎಂದುಬಿಟ್ಟರು. ಕಿವಿ ಚುರುಕಾಗಿದ್ದ ಯಜಮಾನರು ಅದನ್ನು ಕೇಳಿಸಿಕೊಂಡು, ಮಾರನೆಯ ಬೆಳಿಗ್ಗೆ ಬಾಯಿ ಬಿಗಿಹಿಡಿದರು. ಗಂಜಿ ಗಲ್ಲದ ಮೇಲೆ ಇಳಿಯಿತು.

ಅವತ್ತು ಶಾಲೆಗೆ ಮೇಲಧಿಕಾರಿಗಳು ಬರುವುದಿತ್ತು. ಅಕ್ಕ ಅರ್ಧ ದಿನದ ರಜೆ ಕೇಳಿದರು. ಹೆಡ್‌ಮಾಸ್ಟರು ಆಗುವುದಿಲ್ಲ ಎಂದರು. ಕೆಟ್ಟವರಲ್ಲ ಅವರು. ಬೇರೆ ಜಿಲ್ಲೆಯಿಂದ ಬಂದವರು, ವಯಸ್ಸಿನಲ್ಲಿ ನಮಗಿಂತ ಚಿಕ್ಕವರು, ಹೆಡ್‌ಮಾಸ್ಟರಾಗಿ ಅದು ಅವರ ಮೊದಲ ತಪಾಸಣೆ. ಅಕ್ಕ ಕಾರಣ ಹೇಳಲು ಹೋಗದೆ ಎರಡು ಪಿರಿಯಡ್ಡು ಪಾಠ ಮಾಡಿದರು. ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಅಂಗಳಕ್ಕೆ ಇಳಿದರು. ಗೋಡೆಗೆ ಕೈ ಒತ್ತಲಿಲ್ಲ. ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದರು.

“ನನ್ ಒಟ್ಟೆ ಉರುಸುದ್ದು ಯಾವ್ದೋ ಅದರ ಬೇರು ಒಣಗೋಗ. ನನ್ ಮನೆ ಕಾಲು ಕಿತ್ಕಂಡಿದ್ದು ಯಾವ್ದೋ ಅದು ನಿಂತ್ ಜಾಗ ಕುಸ್ದೋಗ. ನನ್ನ ಅಳುಸ್ದೋರ ಕಣ್ಣಿಗೆ ನಿದ್ದೆ ಅತ್ದೇ ಓಗ.”

ಸಾಲಿನಲ್ಲಿ ತಟ್ಟೆ ಹಿಡಿದಿದ್ದ ಮಕ್ಕಳು ತಿರುಗಿ ನೋಡಿದವು. ಅಡುಗೆಯವರಿಗೆ ಅದು ಹೊಸದಲ್ಲ. ಒಬ್ಬಾಕೆ ಸೌಟು ಇಟ್ಟು ಬಂದು, “ಆಯ್ತು ಬುಡಿ ಮಿಸ್ಸು, ಒಳೀಕ್ ಬನ್ನಿ” ಎಂದು ತೋಳು ಹಿಡಿದಳು. ಅಕ್ಕ ಕೈ ತೊಳೆದು ಮಕ್ಕಳ ಜೊತೆ ಕುಳಿತು ಅನ್ನ ಸಾರು ಉಂಡರು. ಆದರೆ ತೂರಿದ ಮಣ್ಣನ್ನು ಗಾಳಿ ಆಫೀಸಿನ ಬಾಗಿಲ ಕಡೆಗೆ ಒಯ್ದಿತ್ತು. ಅಲ್ಲಿ ಹೆಡ್‌ಮಾಸ್ಟರ ಚಪ್ಪಲಿಗಳಿದ್ದವು. ಬಾಗಿಲಲ್ಲಿ ಅವರೂ ಇದ್ದರು.

ಹೆಡ್‌ಮಾಸ್ಟರ ಸೀಮೆಯಲ್ಲಿ ಇದು ಮನಸ್ಸಿನ ಭಾರ ಇಳಿಸಿಕೊಳ್ಳುವ ದಾರಿಯಲ್ಲ. ಅಲ್ಲಿ ಹಿರಿಯ ಹೆಂಗಸು ಮಣ್ಣು ಹಿಡಿದು ಒಂದು ಮಾತು ಅಂದರೆ ಅದು ಶಾಪವಾಗಿ ಹತ್ತುತ್ತದೆ. ಯಾರೋ ಅಜ್ಜಿಯ ಮಾತಿನಿಂದ ತಮ್ಮ ಮನೆತನದ ಒಂದು ಕವಲೇ ಇಲ್ಲವಾಯಿತೆಂದು ಕೇಳಿ ಬೆಳೆದವರು ಅವರು. ಆ ಚಪ್ಪಲಿಯನ್ನು ಅವರು ಮೆಟ್ಟಲಿಲ್ಲ. ಬರಿಗಾಲಲ್ಲಿ ಬೈಕು ಓಡಿಸಿಕೊಂಡು ಮನೆಗೆ ಹೋದರು. ಅದೇ ವಾರ ಅವರ ಪುಟ್ಟ ಮಗಳಿಗೆ ಜ್ವರ ಬಂತು. ಊರಿಗೆಲ್ಲ ಬಂದಿದ್ದ ಜ್ವರವೇ. ಮಗುವಿಗೆ ಬಿಟ್ಟಿತು. ಹೆಡ್‌ಮಾಸ್ಟರಿಗೆ ಬಿಡಲಿಲ್ಲ. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಯಿತು, ಅಂಗಿಯ ಕಾಲರು ಸಡಿಲವಾಯಿತು, ಅಂಗಳ ದಾಟುವುದನ್ನು ಬಿಟ್ಟು ಹಿಂದಿನ ಗೇಟಿನಿಂದ ಬರತೊಡಗಿದರು. ಆಫೀಸಿನ ಬಾಗಿಲಲ್ಲಿ ಆ ಚಪ್ಪಲಿಗಳು ಹಾಗೇ ಇದ್ದವು. ಕಸ ಗುಡಿಸುವವಳೂ ಅವನ್ನು ಬಿಟ್ಟು ಗುಡಿಸುತ್ತಿದ್ದಳು.

ಶಾಪ ಹಾಕಿದರು ಎಂದು ಸರ್ಕಾರಿ ದೂರಿನಲ್ಲಿ ಬರೆಯಲು ಬರುವುದಿಲ್ಲ. ಆದ್ದರಿಂದ ಅವರು ಬೇರೆ ಬರೆದರು: ಸದರಿ ಶಿಕ್ಷಕಿಯ ಮಾನಸಿಕ ಸ್ಥಿತಿ ಸರಿಯಿಲ್ಲ, ಮಕ್ಕಳ ಹಿತದೃಷ್ಟಿಯಿಂದ ಸೂಕ್ತ ಕ್ರಮ ಜರುಗಿಸಬೇಕು.

ಅದು ನಿಜವೆಂದು ಆದರೆ ಅಕ್ಕನನ್ನು ಮನೆಗೆ ಕಳಿಸುತ್ತಾರೆ. ನಿವೃತ್ತಿಗೆ ಆಗ ಅವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಆದರೂ ಆ ಉಳಿದದ್ದೇ ಅವರಿಗೆ ಬೇಕಾಗಿತ್ತು.

“ಇಸ್ಕೂಲ್ ಬುಡುಸ್ಬುಟ್ರೆ ನಾನು ಇಡೀ ದಿನ ಆ ಮಂಚದ ಪಕ್ಕ ಕುಂತಿರ್ಬೇಕು ಕಣೆ,” ಎಂದರು ನನಗೆ. “ಅವ್ರ ಮುಖ ನಾನು, ನನ್ ಮುಖ ಅವ್ರು ನೋಡ್ಕಂಡು. ಬೆಳಿಗ್ಗೆ ಬಾಗ್ಲು ದಾಟ್ತೀನಲ್ಲ, ಅದೇ ನಂಗೆ ಉಸ್ರು. ಅದನ್ನೂ ಕಿತ್ಕಂಡ್ರೆ ಇವ್ರು ಬರ್ದಿರೋದು ನಿಜ ಆಯ್ತದೆ.”

ಶಿಕ್ಷಣ ಇಲಾಖೆಯ ಅಧಿಕಾರಿ ಇಬ್ಬರನ್ನೂ ಕರೆಸಿದರು. ನಾನೂ ಜೊತೆಗೆ ಹೋದೆ. ಅಧಿಕಾರಿ ವಿಷಯವನ್ನು ಬೇಗ ಮುಗಿಸುವ ಮನಸ್ಸಿನವರು.

“ಮೇಡಂ, ಬಹಳ ಸುಲಭ ಇದೆ. ಅಂದ ಮಾತನ್ನ ವಾಪಸ್ ತಗೊಂಡೆ ಅಂತ ಇಲ್ಲೇ ಒಂದು ಮಾತು ಹೇಳಿ. ಅವರೂ ದೂರು ವಾಪಸ್ ತಗೋತಾರೆ. ಅಲ್ವೇನ್ರೀ?”

ಹೆಡ್‌ಮಾಸ್ಟರು ತಲೆ ಆಡಿಸಿದರು. ಅವರು ಕಾದಿದ್ದು ಅದಕ್ಕೇ. ಅವರ ಮುಖದ ಮೇಲೆ ಇದ್ದದ್ದು ಕೋಪವಲ್ಲ, ಬೇಡಿಕೆ.

“ಯಾರ್ಗೂ ಅನ್ನದ ಮಾತ್ನ ಯಾರಿಂದ ವಾಪಸ್ ತಗೊಳ್ಲಿ ಸಾರ್?” ಎಂದರು ಅಕ್ಕ. “ತಗಂಡೆ ಅಂದ್ರೆ ಇವ್ರಿಗೇ ಅಂದೆ ಅಂತ ಒಪ್ಕಂಡಂಗಾಯ್ತದೆ.”

“ಒಪ್ಪಿಕೊಂಡ್ರೆ ಏನು ನಷ್ಟ?”

“ನಷ್ಟ ನಂದು. ನಿಮ್ಗೆ ಯೋಳುದ್ರೂ ತಿಳಿಯಲ್ಲ.”

“ಹಾಗಾದ್ರೆ ಡಾಕ್ಟರ ಹತ್ತಿರ ಕಳಿಸಬೇಕಾಗುತ್ತೆ. ತಲೆ ಡಾಕ್ಟರು.”

“ಕಳ್ಸಿ.”

ಹೊರಗೆ ಬಂದ ಮೇಲೆ ನಾನು, ಒಂದು ಮಾತು ತಾನೆ ಅಕ್ಕ, ಹೇಳಿಬಿಡಬಾರದಿತ್ತೇ ಎಂದೆ. ಅವರು ನಿಂತರು.

“ಒಂದ್ ಸಲ ವಾಪಸ್ ತಗಂಡ್ರೆ ಆಮೇಲೆ ಸಾಯೋಗಂಟ ಕೈ ಕಟ್ಕಂಡಿರ್ಬೇಕು. ನಾಳೆ ಗಿಡ ನೆಡಕ್ಕೆ ಮಣ್ ಮುಟ್ಟುದ್ರೂ ನೋಡು ಮಣ್ ಎತ್ಕಂಡ್ಲು ಅಂತಾರೆ. ಇವ್ರಿಗೋಸ್ಕರ ನಾನು ಒಟ್ಟೆನೋವು ಕಲ್ತ್ಕೊಳ್ಳಾ ಈ ವಯಸ್ನಲ್ಲಿ?”

“ನಿಜ ಹೇಳಿ ಅಕ್ಕ. ಅವತ್ತು ಬೈದಿದ್ದರಲ್ಲಿ ಹೆಡ್‌ಮಾಸ್ಟರು ಇರಲಿಲ್ಲವಾ?”

“ಇದ್ರು,” ಎಂದರು ತಡಮಾಡದೆ. “ಅವ್ರೂ ಇದ್ರು, ಮೈಸೂರು ಡಾಕ್ಟ್ರೂ ಇದ್ರು, ಬಾಯಿ ಮುಚ್ಕಂಡಿದ್ದ ನನ್ ಗಂಡನೂ ಇದ್ದ, ದೇವ್ರೂ ಇದ್ದ. ನಾನೂ ಇದ್ದೆ. ಎಲ್ಲಾರ್ಗೂ ಒಂದೇ ಇಡಿ ಮಣ್ಣು. ಅವ್ರೊಬ್ರೇ ಯಾಕೆ ಅಷ್ಟನ್ನೂ ತಲೆ ಮೇಲೆ ಉಯ್ಕಂಡ್ರು?”

ದೊಡ್ಡ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಚಿಕ್ಕ ವಯಸ್ಸಿನ ಒಬ್ಬ ಲೇಡಿ ಡಾಕ್ಟರು. ಅವರ ಕನ್ನಡವೂ ಬೇರೆ ಸೀಮೆಯದು. ನನ್ನನ್ನು ಯಾರು ಎಂದು ಕೇಳಿ, ಇರಲಿ ಕೂತಿರಿ ಎಂದರು.

“ಯಾರೂ ಇಲ್ಲದಾಗ ದನಿಗಳು ಕೇಳಿಸುತ್ತವೆಯೇ?”

“ಕೇಳ್ತವೆ. ಏಳ್ನೇ ಕ್ಲಾಸು. ಭಾನ್ವಾರನೂ ಬುಡಲ್ಲ.”

ಬರೆಯುತ್ತಿದ್ದ ಪೆನ್ನು ನಿಂತಿತು. ನಾನು ನಡುವೆ ಬಾಯಿ ಹಾಕಿ, ಅವರು ಟೀಚರು, ತಮಾಷೆಗೆ ಹೇಳುತ್ತಾರೆ ಎಂದೆ. “ತಮಾಸೆ ಅಲ್ಲ,” ಎಂದರು ಅಕ್ಕ.

“ಯಾರೋ ನಿಮಗೆ ಕೇಡು ಮಾಡುತ್ತಿದ್ದಾರೆ ಅನ್ನಿಸುತ್ತದೆಯೇ?”

“ದೂರೇ ಕೊಟ್ಟವ್ರೆ. ಅನ್ಸದೇನು ಬಂತು, ನಿಮ್ ಮೇಜ್ ಮೇಲೇ ಅದೆ.”

ಡಾಕ್ಟರು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, “ಮನಸ್ಸಿಗೆ ಭಾರ ಆದಾಗ ಮೈ ಮೇಲೆ ಎಲ್ಲಿ ಗೊತ್ತಾಗುತ್ತದೆ?” ಎಂದು ಕೇಳಿದರು. ಅಕ್ಕ ಎರಡೂ ಕೈ ಚಾಚಿದರು. ಡಾಕ್ಟರು ಅವನ್ನು ತಿರುಗಿಸಿ ನೋಡಿದರು. ಸೀಮೆಸುಣ್ಣ ಕುಳಿತ ಗೆರೆಗಳು, ನೀರು ಹೊತ್ತ ಬೆರಳು.

“ಮಣ್ಣು ತೂರಿದ ಮೇಲೆ?”

“ತಣ್ಣಗಾಯ್ತವೆ. ಊಟ ಸೇರ್ತದೆ, ನಿದ್ದೆ ಬತ್ತದೆ. ಆವತ್ತು ಮನೆಗೋಗಿ ಅವ್ರಿಗೂ ಗಂಜಿ ಕುಡುಸ್ದೆ. ಬಾಯಿ ಬುಟ್ರು.”

ಡಾಕ್ಟರು ಆ ಕೈಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನಮ್ಮಜ್ಜಿಗೆ ನೆತ್ತಿ ಸುಡುತ್ತಿತ್ತು,” ಎಂದರು. “ಹರಳೆಣ್ಣೆ ಒತ್ತಿಕೊಂಡು ಕತ್ತಲೆ ಕೋಣೆಯಲ್ಲಿ ಕೂರುತ್ತಿದ್ದರು. ಮನೆಯವರೆಲ್ಲ ಉಷ್ಣ ಅನ್ನುತ್ತಿದ್ದರು. ಏನು ಕಷ್ಟ ಇತ್ತು ಅಂತ ಯಾರೂ ಕೇಳಲಿಲ್ಲ.” ಆಮೇಲೆ ನನ್ನ ಮುಂದೆಯೇ, ಇವರ ತಲೆ ಸರಿಯಾಗಿದೆ, ಕಷ್ಟ ಇದೆ ಅಷ್ಟೇ, ಎಂದರು. ಕೆಲಸಕ್ಕೆ ಯೋಗ್ಯರು ಎಂದು ಬರೆದುಕೊಟ್ಟರು.

ಅಕ್ಕನ ಕೆಲಸ ಉಳಿಯಿತು. ಆದರೆ ಬಾಗಿಲಲ್ಲಿ ಚಪ್ಪಲಿಗಳು ಹಾಗೇ ಇದ್ದವು. ಡಾಕ್ಟರ ಚೀಟಿಯಿಂದ ಹೆಡ್‌ಮಾಸ್ಟರಿಗೆ ನಿದ್ದೆ ಬರಲಿಲ್ಲ. ತಲೆ ಸರಿಯಿರುವವರು ಅಂದ ಮಾತು ಎಂದಾದರೆ ಅದು ಇನ್ನೂ ಗಟ್ಟಿ ಎಂದು ಅವರಿಗೆ ಅನ್ನಿಸಿತೋ ಏನೋ.

ಒಂದು ಸಂಜೆ ಅವರು ಹೆಂಡತಿ ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದರು. ನಾನು ಅಲ್ಲೇ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಕಿಟಕಿಯ ಒಳಗೆ ಮಂಚದ ಮೇಲೆ ಯಜಮಾನರು. ಹೆಡ್‌ಮಾಸ್ಟರು ಕೈ ಮುಗಿದರು.

“ಮೇಡಂ, ಕಚೇರಿ ಬಿಡಿ. ಕಾಗದ ಬೇಡ. ಮಗುವಿನ ತಲೆ ಮೇಲೆ ಕೈಯಿಟ್ಟು ವಾಪಸ್ ತಗೊಂಡೆ ಅಂತ ಒಂದು ಸಲ ಅನ್ನಿ. ನನಗೆ ಸಾಕಾಗಿದೆ.”

ಅಕ್ಕ ಮಗುವಿಗೆ ಕಡಲೆಮಿಠಾಯಿ ಕೊಟ್ಟು ಹತ್ತಿರ ಕೂರಿಸಿಕೊಂಡರು. ತಲೆ ಸವರಿದರು. ಆದರೆ ಆ ಮಾತು ಅನ್ನಲಿಲ್ಲ.

“ಅನ್ನಲ್ಲ ಕಣಪ್ಪ. ನಾನು ಆಕ್ದೇ ಇರೋದ್ನ ತೆಗ್ದುಬುಟ್ಟೆ ಅಂದ್ರೆ ನಾಳೆ ಮಗಾ ಎಡುವುದ್ರೂ ಪೂರ್ತಿ ತೆಗೀಲಿಲ್ವೇನೋ ಅಂತ ಕೊರುಗ್ತೀಯ.” ಮೊದಲ ಬಾರಿಗೆ ಅವರನ್ನು ಏಕವಚನದಲ್ಲಿ ಕರೆದಿದ್ದರು. “ಎದ್ದೇಳು. ಅಂಗಳಕ್ಕೆ ಇಳಿ. ಮಣ್ ತಗೋ.”

“ಏನು ಮೇಡಂ?”

“ಮಣ್ ತಗಂಡು ನನ್ನ ಬೈಯಿ.”

ಹೆಡ್‌ಮಾಸ್ಟರು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಮುಖ ನೋಡಿದಳು. ಅಕ್ಕ ತಾವೇ ಇಳಿದು, ಒಂದು ಹಿಡಿ ಮಣ್ಣು ಎತ್ತಿ ಅವರ ಅಂಗೈಗೆ ಹಾಕಿ ಬೆರಳು ಮುಚ್ಚಿಸಿದರು. ಬೀದಿಯವರು ಒಬ್ಬೊಬ್ಬರೇ ಬಾಗಿಲಿಗೆ ಬಂದರು.

ಹೆಡ್‌ಮಾಸ್ಟರು ಮುಷ್ಟಿಯನ್ನೊಮ್ಮೆ ನೋಡಿಕೊಂಡರು. ಕೊನೆಗೆ ಬಾಯಿ ಬಿಟ್ಟು, “ತಮಗೆ… ತಾವು ಮಾಡಿದ್ದು ಸರಿಯಲ್ಲ,” ಎಂದರು.

“ಇದೇನು ನೋಟೀಸಾ? ಜೋರಾಗಿ. ಕಡೇ ಬೆಂಚಿಗೆ ಕೇಳ್ಬೇಕು.”

“ನನ್ನ ನಿದ್ದೆ ಕೆಡಿಸಿದವರಿಗೆ ಒಳ್ಳೆಯದಾಗದಿರಲಿ.”

“ಪರ್ವಾಗಿಲ್ಲ. ಇನ್ನೊಂದು.”

“ನಾನು ಬೇಕೂಂತ ರಜೆ ಇಲ್ಲ ಅಂದೆನಾ?” ಹೆಡ್‌ಮಾಸ್ಟರ ದನಿ ಒಡೆಯಿತು. “ನನಗೆ ಯಾರು ಹೇಳಿದರು ನಿಮ್ಮ ಮನೆಯಲ್ಲಿ ಹೀಗಿದೆ ಅಂತ? ಎಲ್ಲದಕ್ಕೂ ನಾನೇ ಉತ್ತರ ಕೊಡಬೇಕು, ಮೇಲಿನವರು ನನ್ನನ್ನೇ ಕೇಳ್ತಾರೆ, ಊರು ಬಿಟ್ಟು ಬಂದಿದೀನಿ, ಒಬ್ಬರೂ ನನ್ನ ಜೊತೆ ಊಟಕ್ಕೆ ಕೂರಲ್ಲ, ಮಗು ಜ್ವರದಲ್ಲಿ ನಡುಗ್ತಿದ್ರೆ… ಹಾಳಾಗಿ ಹೋಗಲಿ. ಎಲ್ಲಾ ಹಾಳಾಗಿ ಹೋಗಲಿ.” ಮಣ್ಣು ಬಿಟ್ಟರು. ತೂರಲಿಲ್ಲ, ಎಸೆದೇಬಿಟ್ಟರು. ಅದರಲ್ಲಿ ಅರ್ಧ ಅಕ್ಕನ ಸೀರೆ ಮೇಲೆ, ಇನ್ನರ್ಧ ನನ್ನ ಸೊಪ್ಪಿನ ಮೊರಕ್ಕೆ.

ಕಿಟಕಿಯ ಒಳಗಿನಿಂದ ಒಂದು ಗೊಗ್ಗರು ಸದ್ದು ಬಂತು. ನಾನು ಗಾಬರಿಯಾಗಿ ಎದ್ದೆ.

“ಕುತ್ಕಳೆ,” ಎಂದರು ಅಕ್ಕ. “ನಗ್ತಾವ್ರೆ. ಬಿದ್ಮೇಲೆ ಇದೇ ಮೊದ್ಲು.” ಸೀರೆ ಕೊಡವಿಕೊಂಡರು. ಆಮೇಲೆ ಬೀದಿಯವರು ಅನ್ನಬೇಕಾದ ಮಾತನ್ನು ತಾವೇ ಅಂದರು: “ಆಯ್ತು ಬುಡಪ್ಪ, ಒಳೀಕ್ ಬಾ. ಊಟ ಮಾಡ್ಕಂಡೋಗಿ ಎಲ್ಲಾರೂ.”

ಆ ಸೊಪ್ಪನ್ನು ನಾನು ಬಹಳ ಸಲ ತೊಳೆದೆ. ಆದರೂ ಸಾರಿನಲ್ಲಿ ಮಣ್ಣು ಹಲ್ಲಿಗೆ ಕರಕರ ಸಿಕ್ಕುತ್ತಿತ್ತು. ಹೆಡ್‌ಮಾಸ್ಟರು ಎರಡು ಮುದ್ದೆ ನುಂಗಿದರು. ಸೋಮವಾರ ಆಫೀಸಿನ ಬಾಗಿಲಲ್ಲಿ ನಿಂತು, ಆ ಚಪ್ಪಲಿಗಳನ್ನು ಒಂದಕ್ಕೊಂದು ಬಡಿದು, ಮೆಟ್ಟಿಕೊಂಡು ಅಂಗಳ ದಾಟಿದರು. ಅಕ್ಕ ವಾಪಸ್ಸು ತೆಗೆದುಕೊಳ್ಳಲಿಲ್ಲ, ಕೊನೆಯವರೆಗೂ ಇಲ್ಲ. ನಿವೃತ್ತಿಯವರೆಗೂ ಪಾಠ ಮಾಡಿದರು. ಬೀಳ್ಕೊಡುಗೆಯ ದಿನ ಹೆಡ್‌ಮಾಸ್ಟರು ಭಾಷಣದಲ್ಲಿ, ಇವರಿಂದ ನಾನು ಒಂದು ವಿದ್ಯೆ ಕಲಿತೆ ಎಂದರು. ಯಾವುದು ಎಂದು ಮಾತ್ರ ಬಾಯಿ ಬಿಡಲಿಲ್ಲ. ಮುಂದೆ ಅವರಿಗೆ ತಮ್ಮ ಜಿಲ್ಲೆಗೇ ವರ್ಗವಾಯಿತು.

ಯಜಮಾನರನ್ನು ಕರೆದುಕೊಂಡು ಅಕ್ಕ ಸಂತೆಬಾಚಹಳ್ಳಿಗೆ ಹೋದರು. ಯಜಮಾನರು ತೀರಿಕೊಂಡಾಗ ನಾನು ಹೋಗಿದ್ದೆ. ನೆಂಟರ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಅಕ್ಕ ಮಾತ್ರ ಸುಮ್ಮನಿದ್ದರು. ಜೋರಾಗಿ ಅತ್ತುಬಿಡು, ಎದೆಗೆ ಹೊಡೆತ ಬೀಳುತ್ತದೆ ಎಂದು ಎಲ್ಲರೂ ತಿವಿದರು. ಅವರು ಮಣಿಯಲಿಲ್ಲ. ನನ್ನ ಕೈ ಹಿಡಿದು, “ತಣ್ಣಗವೆ ನೋಡು,” ಎಂದರು. ನಿಜ, ಅವರ ಅಂಗೈ ಕೆರೆಯ ನೀರಿನ ಹಾಗಿತ್ತು. “ಇವತ್ತು ಬೈಯಕ್ಕೆ ಏನೂ ಇಲ್ಲ ಕಣೆ. ಮಾಡೋದ್ನೆಲ್ಲಾ ಮಾಡಿವ್ನಿ.”

ಈಗ ಅವರೂ ಹೋದರು. ರಾಗಿ ಒಣಹಾಕಲು ಚಾಪೆ ಬಿಡಿಸಿದವರು ಅದರ ಮೇಲೇ ಕುಳಿತರಂತೆ, ಹಾಗೇ ಒರಗಿದರಂತೆ.

ಇವತ್ತು ಸೇವಂತಿಗೆಯನ್ನು ಅವರ ಫೋಟೋಕ್ಕೆ ಮುಡಿಸಿ ಊಟದ ಸಾಲಿನಲ್ಲಿ ಕುಳಿತೆ. ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ. ಅಕ್ಕನ ಮೈದುನ, ಎಂದರೆ ಯಜಮಾನರ ತಮ್ಮ, ಸಾಲಿನ ನಡುವೆ ಓಡಾಡುತ್ತ ಉಪಚಾರ ಮಾಡುತ್ತಿದ್ದರು. ಪ್ರತಿ ಸಾಲಿನ ಮುಂದೆಯೂ ನಿಂತು ಒಂದೇ ಮಾತು ಹೇಳುತ್ತಿದ್ದರು.

“ಅತ್ಗೆ ಒಳ್ಳೆ ಎಂಗ್ಸು. ಏನೋ, ನಡ್ವೆ ಒಂಚೂರು ತಲೆ ಎಚ್ಚುಕಮ್ಮಿ ಆಗಿತ್ತು. ಇಸ್ಕೂಲಿನೋರು ಆಸ್ಪತ್ರೆಗೂ ಕಳ್ಸಿದ್ರು. ಆದ್ರೂ ನಮ್ಮಣ್ಣನ್ನ ಕೈ ಬುಡ್ಲಿಲ್ಲ.”

ಸಾಲಿಗೆ ಸಾಲೇ ‘ಪಾಪ’ ಎನ್ನುತ್ತಿತ್ತು. ಮೈದುನ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಹೊಗಳಿಕೆಗೆ ಉಪ್ಪು ಹಾಕುವ ಹಾಗೆ ಹೇಳುತ್ತಿದ್ದರು. ಹೀಗೇ ಬಿಟ್ಟರೆ ಊಟ ಮುಗಿಯುವ ಹೊತ್ತಿಗೆ ಆ ಊರಿನಲ್ಲಿ ಅಕ್ಕ ಎಂದರೆ ನಡುವೆ ತಲೆ ಕೆಟ್ಟಿದ್ದ ಒಳ್ಳೆಯ ಹೆಂಗಸು ಎಂದಾಗುತ್ತದೆ. ಅಕ್ಕ ಅಧಿಕಾರಿಯ ಮುಂದೆ ಒಪ್ಪದೇ ಇದ್ದದ್ದನ್ನು ಅವರ ತಿಥಿಯ ಎಲೆಯ ಮುಂದೆ ಕುಳಿತು ನಾನು ಒಪ್ಪಿದ ಹಾಗೆ.

“ಆಗಿರಲಿಲ್ಲ,” ಎಂದೆ.

ಯಾರಿಗೂ ಕೇಳಿಸಲಿಲ್ಲ. ಮೈದುನ ಮುಂದಿನ ಎಲೆಗೆ ಹೋಗಿದ್ದರು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.

“ಆಗಿರಲಿಲ್ಲ. ಅವರ ತಲೆ ಸರಿಯಾಗಿತ್ತು.”

ಬಡಿಸುವವರು ನಿಂತರು. ಮೈದುನ ತಿರುಗಿದರು. “ಯಾರವ್ವ ನೀನು?”

“ಅವರ ಜೊತೆ ಆಸ್ಪತ್ರೆಗೆ ಹೋಗಿದ್ದವಳು. ತಲೆ ಸರಿ ಇದೆ ಅಂತ ಡಾಕ್ಟರು ನನ್ನೆದುರೇ ಹೇಳಿದ್ದಾರೆ.”

“ಅಲ್ಲ ಕಣವ್ವ, ಇಸ್ಕೂಲಲ್ಲಿ ಮಣ್ ತೂರಿ…”

“ತೂರಿದರು. ನಿಮ್ಮವ್ವ ತೂರಿಲ್ಲವಾ? ಕೋಳಿ ಹೋಯಿತು ಅಂತ ನಿಮ್ಮ ಊರಿನ ಹೆಂಗಸರು ತೂರಿದಾಗ ಯಾರನ್ನಾದರೂ ಆಸ್ಪತ್ರೆಗೆ ಕರೆದುಕೊಂಡು ಹೋದಿರಾ? ಅಕ್ಕನ ಮನೆಯಲ್ಲಿ ಹೋಗಿದ್ದು ಕೋಳಿ ಅಲ್ಲ, ನಿಮ್ಮಣ್ಣನ ಕಾಲು.”

ಸಾರು ಮೊಣಕೈಗೆ ಇಳಿಯುತ್ತಿತ್ತು. ಎದುರು ಸಾಲಿನ ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

“ನಿಜ ಕಣ್ಲಾ,” ಎಂದಳು ಮೈದುನನಿಗೆ. “ನಿಮ್ಮವ್ವನೂ ಕೋಳಿ ಓಯ್ತು ಅಂತ ನನ್ ಬಾಗ್ಲು ಮುಂದ್ಲೇ ತೂರಿದ್ಲು. ಆ ಕೋಳಿ ನಾವೇ ತಿಂದಿದ್ದೋ.”

ನಗು ಸಾಲಿನಿಂದ ಸಾಲಿಗೆ ಹೋಯಿತು. ಮೈದುನ ಬಡಿಸುವವನ ಕೈಯಿಂದ ಪಾಯಸದ ಬಕೆಟ್ಟು ತೆಗೆದುಕೊಂಡು ಬಂದು ನನ್ನ ಎಲೆಗೆ ತಾವೇ ಬಡಿಸಿ, “ಕುತ್ಕಂಡು ಉಣ್ಣವ್ವ,” ಎಂದರು. ಮುಂದಿನ ಸಾಲಿನ ಎದುರು ನಿಂತು ಬಾಯಿ ತೆರೆದಾಗ ನಾನು ಉಣ್ಣುವುದನ್ನು ನಿಲ್ಲಿಸಿ ಕಿವಿಗೊಟ್ಟೆ.

“ಅತ್ಗೆ ಒಳ್ಳೆ ಎಂಗ್ಸು,” ಎಂದರು. ಅಷ್ಟಕ್ಕೇ ನಿಲ್ಲಿಸಿ ಮುಂದೆ ಹೋದರು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ರಾತ್ರಿಗೆ ಹೊಸದಾಗಿ ಏನೂ ಮಾಡಲಿಲ್ಲ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು, ನೆಂಚಿಕೊಳ್ಳಲು ನಿಂಬೆ ಉಪ್ಪಿನಕಾಯಿ ಮತ್ತು ಸುಟ್ಟ ಹಪ್ಪಳ. ಗಂಟಲು ಯಾಕೆ ಕಟ್ಟಿದೆ, ಯಾರ ಹತ್ತಿರ ಕೂಗಾಡಿ ಬಂದೆ ಎಂದು ಯಜಮಾನರು ಕೇಳಿದರು. ಹಾಸಿಗೆ ಹಾಸುತ್ತಾ ಹೇಳತೊಡಗಿದೆ. ಪಾಯಸದವರೆಗೂ ಹೂಂಗುಟ್ಟಿದರು, ಅಲ್ಲಿಗೆ ನಿದ್ದೆ ಹೋದರು. ಉಳಿದದ್ದನ್ನು ನಾನು ದನಿ ತಗ್ಗಿಸದೆ ಪೂರ್ತಿ ಹೇಳಿ ಮುಗಿಸಿ, ಆಮೇಲೆ ಮಲಗಿದೆ.